ಮನೆ ಬೀಜವೋ, ಕಸಿ ಗಿಡವೋ, ಅಂಗಡಿ ಪೊಟ್ಟಣವೋ?

ಕಳೆದ ಬೇಸಿಗೆಯಲ್ಲಿ ತವರುಮನೆಯ ಅಟ್ಟ ಗುಡಿಸುವಾಗ ಅತ್ತಿಗೆಗೆ ಒಂದು ತಗಡಿನ ಡಬ್ಬ ಸಿಕ್ಕಿತು. ಒಳಗೆ ಹಳೇ ಪಂಚಾಂಗದ ಹಾಳೆಯಲ್ಲಿ ಅಮ್ಮ ಕಟ್ಟಿಟ್ಟ ಒಂಬತ್ತು ಪೊಟ್ಟಣ. ಮೇಲೆ ಪೆನ್ಸಿಲ್ಲಿನಲ್ಲಿ ಗುರುತು: ‘ಗೌರಿ ಹೂ, ಬಿಳಿ, ಸುತ್ತಿನದು’, ‘ಚೆಂಡು ಹೂ, ಕೆಂಪು’, ‘ಇಬ್ಬುಡ್ಲ, ದೊಡ್ಡಮ್ಮನ ಮನೆದು’, ‘ಹಲಸು, ಬಾವಿಕಟ್ಟೆ ಮರ’. ಒಂದರ ಮೇಲೆ ಮಾತ್ರ ಏನೂ ಬರೆದಿರಲಿಲ್ಲ. “ನೀನೇ ತಗೊಂಡು ಹೋಗು ಮಾರಾಯ್ತಿ, ನನ್ನ ಕೈಯಲ್ಲಿ ಹುಟ್ಟೂದಿಲ್ಲ” ಎಂದು ಅತ್ತಿಗೆ ಡಬ್ಬವನ್ನೇ ನನ್ನ ಚೀಲಕ್ಕೆ ಹಾಕಿದರು.

ಶಿರಸಿಗೆ ವಾಪಸು ಬರುವಾಗ ಬಸ್ಸಿನಲ್ಲೇ ಲೆಕ್ಕ ಶುರುವಾಯಿತು. ಇದರಲ್ಲಿ ಬಿತ್ತಬೇಕಾದ್ದು ಯಾವುದು? ಬೀಜ ಬಿಟ್ಟು ಕಸಿ ಗಿಡ ತರಬೇಕಾದ್ದು ಯಾವುದು? ಅಂಗಡಿ ಬೀಜವೇ ವಾಸಿ ಎನ್ನುವಂಥದ್ದು ಯಾವುದು? ಸುದ್ದಿ ಹರಡಿ ನೆಂಟರಿಷ್ಟರೂ ಇದನ್ನೇ ಕೇಳತೊಡಗಿದರು. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಒಮ್ಮೆ ಬರೆದಿಟ್ಟರಾಯಿತು ಎಂದು ಕೂತಿದ್ದೇನೆ. ನಾನು ಕೃಷಿ ಓದಿದವಳಲ್ಲ. ಇಪ್ಪತ್ತೆಂಟು ವರ್ಷ ಹಿತ್ತಲಲ್ಲಿ ಕೈ ಕೆಸರು ಮಾಡಿಕೊಂಡವಳು, ಅಷ್ಟೆ.

ಬೀಜ ತಾಯಿಯನ್ನು ಹೋಲುತ್ತದೆಯೇ?

ಆಯ್ಕೆಯೆಲ್ಲ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ‘ಅಮ್ಮನ ಹಲಸು’ ಬೇಕು ಎನ್ನುವಾಗ ನಮಗೆ ಬೇಕಾದ್ದು ಆ ಮರದ ಹಣ್ಣಿನ ರುಚಿಯೋ, ಆ ಮರದ ಸಂತಾನವೋ? ಎರಡೂ ಒಂದೇ ಅಲ್ಲ. ಕೆಲವು ಗಿಡಗಳ ಬೀಜ ಹಾಕಿದರೆ ತಾಯಿಯಂಥದ್ದೇ ಬರುತ್ತದೆ. ಕೆಲವು ನಮ್ಮ ಮಕ್ಕಳ ಹಾಗೆ, ಮೂಗು ಅಪ್ಪನದು, ಸಿಟ್ಟು ಅಜ್ಜನದು. ಇನ್ನು ಕೆಲವಕ್ಕೆ ಬೀಜವೇ ಕಟ್ಟುವುದಿಲ್ಲ.

ಗೌರಿ ಹೂ, ನಾಟಿ ಚೆಂಡು ಹೂ, ಊರಿನ ಕನಕಾಂಬರ, ಶಂಖಪುಷ್ಪ, ಇಬ್ಬುಡ್ಲ, ಸೀತಾಫಲ ಇವೆಲ್ಲ ಬಹುಮಟ್ಟಿಗೆ ಮೊದಲ ಗುಂಪಿನವು. ಪಕ್ಕದ ಮನೆಯ ತಳಿ ಬೆರೆಯದಂತೆ ನೋಡಿಕೊಂಡರೆ ಬೀಜದಿಂದಲೇ ತಲೆಮಾರು ದಾಟುತ್ತವೆ. ಹಲಸು, ಮಾವು, ಸೀಬೆ, ಚಕ್ಕೋತ, ಡೇರೆ (ಡೇಲಿಯಾ), ಸೇವಂತಿಗೆ ಇವು ಜೂಜು. ಬಾಳೆ, ಮಲ್ಲಿಗೆಗಳಲ್ಲಿ ಬೀಜದ ಮಾತೇ ಇಲ್ಲ, ಕಂದು ಅಥವಾ ಕಡ್ಡಿಯೇ ಗತಿ. ಪಪ್ಪಾಯಿ ಮತ್ತು ಮುರುಗಲು ತಮ್ಮದೇ ಪಂಚಾಯಿತಿಕೆ ಇರುವ ಗಿಡಗಳು, ಅವಕ್ಕೆ ಆಮೇಲೆ ಬರುತ್ತೇನೆ.

ಗೌರಿ ಹೂ: ಮನೆ ಬೀಜಕ್ಕೇ ನನ್ನ ಓಟು

ಕರ್ಣಕುಂಡಲ ಎಂದರೂ ಇದೇ. ನಮ್ಮಲ್ಲಿ ಗೌರಿ ಹಬ್ಬಕ್ಕೆ ಬುಟ್ಟಿ ತುಂಬಬೇಕಾದ ಹೂವಾದ್ದರಿಂದ ಗೌರಿ ಹೂ. ಮಳೆ ಹಿಡಿಯುವ ಹೊತ್ತಿಗೆ ಬಿತ್ತಿದರೆ ಭಾದ್ರಪದಕ್ಕೆ ಸರಿಯಾಗಿ ಹೂವು. ಅಮ್ಮನ ಪೊಟ್ಟಣದ ಬೀಜಕ್ಕೆ ಎಷ್ಟು ವರ್ಷವಾಗಿತ್ತೋ ಗೊತ್ತಿಲ್ಲ. ಒದ್ದೆ ಬಟ್ಟೆಯಲ್ಲಿ ಇಪ್ಪತ್ತು ಕಾಳು ಸುತ್ತಿಟ್ಟೆ, ಏಳು ಮೊಳಕೆ ಬಂದವು. ಅಷ್ಟು ಸಾಕು. ಮಾಮೂಲಿಗಿಂತ ಮೂರು ಪಟ್ಟು ದಟ್ಟವಾಗಿ ಬಿತ್ತಿದೆ.

ಅಂಗಡಿಯ ಪೊಟ್ಟಣದಲ್ಲೂ ಚಂದದ ಗೌರಿ ಹೂ ಸಿಗುತ್ತದೆ, ಗುಲಾಬಿಯ ಹಾಗೆ ಎಸಳು ತುಂಬಿದ್ದು. ಗಿಡ ಗಿಡ್ಡ, ಕುಂಡಕ್ಕೆ ಹೇಳಿ ಮಾಡಿಸಿದ್ದು. ಬೆಂಗಳೂರಿನಲ್ಲಿ ಬಾಲ್ಕನಿ ಇರುವ ಮಗಳಿಗೆ ಅದನ್ನೇ ಹಾಕು ಎಂದೆ. ಆದರೆ ನಮ್ಮ ಅಂಗಳದಲ್ಲಿ ಜುಲೈ ಮಳೆ ಒಂದು ವಾರ ಬಿಡದೆ ಹೊಡೆದಾಗ ಆ ಗಿಡ್ಡ ಗಿಡಗಳ ಕಾಂಡ ಬುಡದಲ್ಲಿ ಕೊಳೆತು ಕೂತವು. ಅಮ್ಮನ ಬೀಜದ ಗಿಡಗಳು ಸೊಂಟದೆತ್ತರ ಬೆಳೆದು, ಬಾಗಿ, ಮತ್ತೆ ಎದ್ದವು. ಎಷ್ಟೋ ವರ್ಷ ಇದೇ ಮಳೆಯಲ್ಲಿ ಉಳಿದ ಗಿಡದ್ದೇ ಬೀಜ ಹಿಡಿದಿಟ್ಟದ್ದಲ್ಲವೇ, ಕೊಳೆಯುವಂಥವು ಯಾವಾಗಲೋ ಸೋಸಿ ಹೋಗಿವೆ. ಮನೆ ಬೀಜದ ದೊಡ್ಡ ಲಾಭ ಇದು. ಭಾವನೆಯ ಮಾತಲ್ಲ, ಸೋಸುವಿಕೆಯ ಮಾತು.

ಒಂದು ಪೆಟ್ಟನ್ನೂ ತಿಂದಿದ್ದೇನೆ. ಹಿಂದೊಮ್ಮೆ ತವರಿಂದ ತಂದ ಇದೇ ಬಿಳಿ ಗೌರಿಯನ್ನು ನೇರಳೆ ಬಣ್ಣದ ಅಂಗಡಿ ಗೌರಿಯ ಪಕ್ಕದ ಸಾಲಿನಲ್ಲೇ ಬಿತ್ತಿದ್ದೆ. ಜೇನಿಗೆ ಸಾಲಿನ ಲೆಕ್ಕವಿಲ್ಲ. ಮರುವರ್ಷ ಬಿಳಿ ಎಂದು ಇಟ್ಟ ಬೀಜದಲ್ಲಿ ಸುಮಾರು ಗಿಡ ಮಾಸಲು ನೇರಳೆ. ಬೀಜಕ್ಕೆ ಬಿಡುವ ಬಣ್ಣ ಒಂದೇ ಇರಲಿ, ಅಥವಾ ಒಂದನ್ನು ಮನೆಯ ಮುಂದೆ, ಇನ್ನೊಂದನ್ನು ಹಿತ್ತಲ ಕೊನೆಯಲ್ಲಿ ಹಾಕಿ.

ಬೀಜ ಹಿಡಿಯುವುದು ಇದರಲ್ಲೊಂದು ಆಟ. ಕಾಯಿ ಹಸಿರು ಬಿಟ್ಟು ತುಸು ಹಳದಿಗೆ ತಿರುಗಿ ಉಬ್ಬಿದಾಗ ಇಡೀ ಕಾಯಿಯನ್ನು ಅಂಗೈಯೊಳಗೆ ಮುಚ್ಚಿಕೊಂಡು ಕಿತ್ತರೆ, ಮುಷ್ಟಿಯೊಳಗೇ ‘ಪಟ್’ ಎಂದು ಸುರುಳಿ ಸುತ್ತಿಕೊಳ್ಳುತ್ತದೆ. ಬೆರಳು ಬಿಡಿಸಿದರೆ ಕಂದು ಬೀಜ ಹರಡಿರುತ್ತವೆ. ಒಂದು ದಿನ ತಡವಾದರೆ ಅಂಗಳಕ್ಕೆ ಹಾರುತ್ತವೆ. ಮುಂದಿನ ವರ್ಷ ಕಲ್ಲಿನ ಸಂದಿಯಲ್ಲಿ ತಾವಾಗೇ ಹುಟ್ಟುತ್ತವೆ ಎನ್ನಿ.

ಚೆಂಡು ಹೂ ಮತ್ತು ಕನಕಾಂಬರ

ಮಾರಾಟಕ್ಕೆ ಬೆಳೆಯುವವರು ಹೈಬ್ರಿಡ್ ಚೆಂಡು ಹೂವನ್ನೇ ಹಾಕಲಿ. ಒಂದೇ ಅಳತೆ, ಒಂದೇ ಹೊತ್ತಿಗೆ ಕೊಯ್ಲು, ದೂರದ ಪೇಟೆಗೆ ಹೋದರೂ ಕಳಚದ ಎಸಳು. ಬೀಜ ಮಾತ್ರ ಪ್ರತಿ ಸಲ ದುಡ್ಡು ಕೊಟ್ಟೇ ತರಬೇಕು. ಹೈಬ್ರಿಡ್ ಹೂವಿನ ಬೀಜ ಹಿಡಿದು ಬಿತ್ತಿದರೆ ಒಂದು ಗಿಡ ಮೊಣಕಾಲಿಗೆ, ಇನ್ನೊಂದು ಎದೆಗೆ, ಒಂದರಲ್ಲಿ ಚೆಂಡು, ಇನ್ನೊಂದರಲ್ಲಿ ಐದಾರು ಎಸಳಿನ ಬೋಳು ಹೂ. ಹೊಸ್ತಿಲಿಗೆ, ದೀಪಾವಳಿಯ ಗೋಪೂಜೆಗೆ, ತರಕಾರಿ ಪಾತಿಯ ಅಂಚಿಗೆ ನಾಟಿ ಕೆಂಪು ಚೆಂಡು ಹೂ ಸಾಕು ಸಾಕು ಎನ್ನುವಷ್ಟು ಬಿಡುತ್ತದೆ.

ಆದರೆ ನಾಟಿ ತಳಿಯನ್ನು ಕೆಡಿಸುವವರು ನಾವೇ. ದೊಡ್ಡ, ದುಂಡು ಹೂವೆಲ್ಲ ದೇವರಿಗೆ, ಮಾಲೆಗೆ. ಕೊನೆಗೆ ಗಿಡದಲ್ಲಿ ಒಣಗಿ ನಿಂತ ಮುದುಡಿದ ನಾಲ್ಕು ಹೂವು ಬೀಜಕ್ಕೆ. ವರ್ಷ ವರ್ಷ ಹೀಗೆ ಮಾಡುತ್ತಾ ಹೋಗಿ, ಆಮೇಲೆ ‘ನಾಟಿ ಬೀಜ ಸಣ್ಣ ಹೂ ಬಿಡುತ್ತದೆ’ ಎಂದು ದೂರುವುದು. ನಾನು ಈಗ ಮೊದಲ ಸುತ್ತಿನಲ್ಲೇ ಹತ್ತು ಹದಿನೈದು ಒಳ್ಳೆಯ ಗಿಡಕ್ಕೆ ಕೆಂಪು ದಾರ ಕಟ್ಟುತ್ತೇನೆ. ಪ್ರತಿಯೊಂದರಲ್ಲೂ ಒಂದೆರಡು ಒಳ್ಳೆಯ ಹೂವನ್ನು ಒಣಗಲು ಬಿಡುವುದು, ದಾರ ಇದ್ದದ್ದನ್ನು ಯಾರೂ ಮುಟ್ಟುವಂತಿಲ್ಲ. ದೇವರಿಗೆ ಉಳಿದದ್ದರಲ್ಲಿ ಸಾಕಷ್ಟಿದೆ. ಒಂದೇ ಗಿಡದ ಬೀಜವನ್ನು ಮಾತ್ರ ಇಡಬೇಡಿ, ಚೆಂಡು ಹೂವಿನ ವಂಶ ಬೆರಕೆಯಲ್ಲೇ ಗಟ್ಟಿ.

ಕನಕಾಂಬರದಲ್ಲಿ ಎರಡು ದಾರಿ. ಊರಿನ ಕೇಸರಿ ಬಣ್ಣದ್ದು ಬೀಜ ಕಟ್ಟುತ್ತದೆ. ಒಣಗಿದ ತೆನೆಗೆ ನೀರು ಬಿದ್ದರೆ ಚಟಪಟ ಸಿಡಿಯುತ್ತದೆ. ಹಾಗಾಗಿ ತೆನೆಯನ್ನು ಒಣದಿನದಲ್ಲೇ ಕೊಯ್ದು, ಕಾಗದದ ಚೀಲದಲ್ಲಿಟ್ಟು, ಮೇಲೊಂದಿಷ್ಟು ನೀರು ಚಿಮುಕಿಸಿ ಬಾಯಿ ಮುಚ್ಚಿದರೆ ಬೀಜವೆಲ್ಲ ಚೀಲದಲ್ಲೇ. ಇನ್ನೊಂದು ‘ಡೆಲ್ಲಿ’ ಕನಕಾಂಬರ, ಅಗಲ ಎಸಳಿನದು. ಹೂವಿನ ಅಂಗಡಿಯವರಿಗೆ ಅದೇ ಇಷ್ಟ. ಅದರ ವರ್ಣತಂತುಗಳು (ತಾಯಿತಂದೆಯ ಗುಣ ಹೊತ್ತು ತರುವ ಎಳೆಗಳು) ಎರಡರ ಬದಲು ಮೂರು ಕಟ್ಟು ಇರುವುದರಿಂದ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಎಬ್ಬಿಸಬೇಕು. ‘ನಮ್ಮ ಕನಕಾಂಬರ ಬೀಜವೇ ಬಿಡ್ತಿಲ್ಲ, ಏನು ಗೊಬ್ಬರ ಹಾಕಲಿ’ ಎಂದು ಕೇಳಿದವರ ಮನೆಯಲ್ಲೆಲ್ಲ ಇದ್ದದ್ದು ಡೆಲ್ಲಿ.

ಡೇರೆ: ಬೀಜ ಹಾಕಿ, ಆದರೆ ಅಮ್ಮನ ಡೇರೆ ಎನ್ನಬೇಡಿ

ಮಲೆನಾಡಿನ ಹೆಂಗಸರಿಗೆ ಡೇರೆ ಎಂದರೆ ಹೂವಿಗಿಂತ ದೊಡ್ಡ ವಿಷಯ. ಯಾರ ಮನೆಯಲ್ಲಿ ಯಾವ ಬಣ್ಣ ಬಂದಿದೆ ಎನ್ನುವುದು ಮದುವೆ ಮನೆಯ ಮಾತುಕತೆ. ಹೊರಡುವಾಗ ಒಂದು ಕುಡಿಯೋ ಗಡ್ಡೆಯೋ ಸೆರಗಿನಲ್ಲಿ ಇಲ್ಲದಿದ್ದರೆ ಸಮಾಧಾನವಿಲ್ಲ. ಮೆಕ್ಸಿಕೋದಿಂದ ಹೊರಟ ಗಿಡ ಇಲ್ಲಿ ಕಾರೆಮನೆ, ಹೆಗಡೆಮನೆ ಎಂದು ಮನೆಗಳ ಹೆಸರಿನಲ್ಲಿ ಗುರುತು ಹಿಡಿಸಿಕೊಳ್ಳುತ್ತದೆ.

ಡೇರೆಯ ಬೀಜ ಹುಟ್ಟುವುದು ಸುಲಭ, ಮೊದಲ ವರ್ಷವೇ ಹೂವು. ಆದರೆ ತಟ್ಟೆಯಗಲದ ಹಳದಿ ಡೇರೆಯ ಬೀಜದಿಂದ ಅಂಗೈಯಗಲದ ಕೆಂಪು ಒಂಟಿಸುತ್ತಿನದು ಬಂದರೂ ಆಶ್ಚರ್ಯವಿಲ್ಲ. ಬಹುತೇಕ ಗಿಡಗಳಿಗೆ ವರ್ಣತಂತುಗಳ ಎರಡು ಕಟ್ಟು ಇದ್ದರೆ ಇದಕ್ಕೆ ಎಂಟು. ಇಸ್ಪೀಟಿನ ಎಂಟು ಕಟ್ಟು ಕಲೆಸಿ ಹಂಚಿದ ಹಾಗೆ, ಅದೇ ಎಲೆ ಮತ್ತೆ ಕೈಗೆ ಬರುವುದೆಲ್ಲಿ! ಹೊಸ ಬಣ್ಣದ ಆಸೆ ಇದ್ದರೆ ಬೀಜ ಹಾಕಿ, ಮಜವಿದೆ. ಅಮ್ಮನ ಹಳದಿಯೇ ಬೇಕೆಂದರೆ ಗಡ್ಡೆ ಅಥವಾ ಕುಡಿ.

ಗಡ್ಡೆ ಒಡೆಯುವಾಗ ಹೊಸಬರು ಮಾಡುವ ತಪ್ಪು ಒಂದೇ. ಗೆಣಸಿನಂಥ ಗಡ್ಡೆಯನ್ನು ನಡುವೆ ಕತ್ತರಿಸಿ ನೆಡುತ್ತಾರೆ. ಚಿಗುರುವುದು ಗಡ್ಡೆಯಲ್ಲಲ್ಲ, ಅದು ಹಳೇ ಕಾಂಡಕ್ಕೆ ಅಂಟಿರುವ ಕುತ್ತಿಗೆಯ ಕಣ್ಣಿನಲ್ಲಿ. ಆ ಕಾಂಡದ ಒಂದು ಚೂರು ಪ್ರತಿ ತುಂಡಿನ ಜೊತೆಗೂ ಬರಬೇಕು. ಇಲ್ಲದಿದ್ದರೆ ಗಡ್ಡೆ ತಿಂಗಳಾನುಗಟ್ಟಲೆ ಮಣ್ಣಿನಲ್ಲಿ ಗುಂಡಗೆ ಕೂತಿರುತ್ತದೆ, ಚಿಗುರುವುದಿಲ್ಲ, ಕೊಳೆಯುವುದೂ ಇಲ್ಲ. ನೀವು ದಿನಾ ಹೋಗಿ ನೋಡಿ ಬರುವುದಷ್ಟೇ.

ಗಡ್ಡೆ, ಕಡ್ಡಿ, ಕಂದುಗಳಿಗೆ ಒಂದು ಕೆಟ್ಟ ಗುಣವಿದೆ. ತಾಯಿಯ ಬಣ್ಣದ ಜೊತೆ ತಾಯಿಯ ರೋಗವೂ ಬರುತ್ತದೆ. ಎಲೆ ಮುರುಟಿ ಹಳದಿ ಗೆರೆ ಎದ್ದ ಡೇರೆಯ ಕುಡಿಯನ್ನು ನೆಂಟಸ್ತಿಕೆಗೆ ಕಟ್ಟುಬಿದ್ದು ತರಬೇಡಿ. ನಂಜನಗೂಡು ರಸಬಾಳೆ ತನ್ನ ಊರಿನಲ್ಲೇ ಅಪರೂಪವಾದದ್ದಕ್ಕೆ ಸೊರಗು ರೋಗವೇ ಮುಖ್ಯ ಕಾರಣ. ರೋಗದ ಮಣ್ಣು ಮೆತ್ತಿಕೊಂಡ ಕಂದಿನ ಜೊತೆ ಅದೂ ಊರೂರು ಸುತ್ತುತ್ತದೆ. ಬಾಳೆಯಲ್ಲಿ ಅಂಗಾಂಶ ಕೃಷಿಯ (ಟಿಶ್ಯೂ ಕಲ್ಚರ್) ಸಸಿ ತರುವುದು ಶುದ್ಧ ಬುದ್ಧಿವಂತಿಕೆ, ಅದಕ್ಕೆ ‘ಮನೆಯದಲ್ಲ’ ಎಂಬ ಕೊರಗು ಬೇಡ. ಸೇವಂತಿಗೆಗೆ ಬುಡದ ಮರಿ, ಮಲ್ಲಿಗೆಗೆ ಕಡ್ಡಿ. ಅಲ್ಲಿ ಹೋಲಿಸುವಂಥದ್ದು ಏನೂ ಇಲ್ಲ.

ಇಬ್ಬುಡ್ಲ: ಒಂದು ಹಣ್ಣು ತಿಂದು ಬೀಜವನ್ನೂ ಉಳಿಸಬಹುದು

ಪೇಟೆಯ ಮಕ್ಕಳಿಗೆ ಇದರ ಪರಿಚಯವಿಲ್ಲ. ಕರಬೂಜದ ಬಳಗದ್ದು, ಹಣ್ಣಾದರೆ ಮೈ ಬಿರಿದು ಹಿಟ್ಟು ಹಿಟ್ಟಾಗುತ್ತದೆ, ಪರಿಮಳ ಅಡುಗೆಮನೆಯಿಂದ ಜಗಲಿಗೆ ಬರುತ್ತದೆ. ಬೆಲ್ಲ, ಕಾಯಿಹಾಲು ಹಾಕಿ ರಸಾಯನ ಮಾಡಿದರೆ ಬೇರೆ ಸಿಹಿ ಬೇಡ. ಬಿರಿಯುವ ಹಣ್ಣನ್ನು ಲಾರಿಯಲ್ಲಿ ಸಾಗಿಸಲಾಗುವುದಿಲ್ಲ. ಆದ್ದರಿಂದ ದೊಡ್ಡ ಬೀಜದ ಕಂಪನಿಗಳಿಗೂ ಇದರ ಹಂಬಲವಿಲ್ಲ. ಇಲ್ಲಿ ಮನೆ ಬೀಜಕ್ಕೆ ಎದುರಾಳಿಯೇ ಇಲ್ಲ. ಅಂಗಡಿಯ ಹೈಬ್ರಿಡ್ ಕರಬೂಜ ಸಿಹಿಯಾಗಿರುತ್ತದೆ, ಒಪ್ಪುತ್ತೇನೆ. ಆದರೆ ಅದು ಒಣ ಬೇಸಿಗೆಯ ಬಯಲುಸೀಮೆಗೆ ಸರಿ.

ಸಮಸ್ಯೆ ಇರುವುದು ಬೆರಕೆಯಲ್ಲಿ. ನಮ್ಮ ಸಾಂಬಾರಿನ ಮಂಗಳೂರು ಸೌತೆ ಇದೆಯಲ್ಲ, ಅದು ಹೆಸರಿಗೆ ಸೌತೆ, ಜಾತಿಯಲ್ಲಿ ಕರಬೂಜದ ತಂಗಿ. ಅದರ ಪರಾಗ ಇಬ್ಬುಡ್ಲಕ್ಕೆ ಬಿದ್ದರೆ ಈ ವರ್ಷದ ಹಣ್ಣಿನಲ್ಲಿ ಏನೂ ಗೊತ್ತಾಗುವುದಿಲ್ಲ. ಮುಂದಿನ ವರ್ಷ ಆ ಬೀಜ ಬಿತ್ತಿದಾಗ ಪರಿಮಳವೂ ಇಲ್ಲದ, ಸಾಂಬಾರಿಗೂ ಆಗದ ಎಡಬಿಡಂಗಿ ಕಾಯಿ. ಹಸಿಯಾಗಿ ತಿನ್ನುವ ಮುಳ್ಳುಸೌತೆ ಬೇರೆಯೇ ಜಾತಿ, ಅದು ಪಕ್ಕದಲ್ಲೇ ಹಬ್ಬಿದರೂ ಇಬ್ಬುಡ್ಲಕ್ಕೆ ಬೆರೆಯುವುದಿಲ್ಲ. ಈ ವ್ಯತ್ಯಾಸ ತಿಳಿಯುವ ಮೊದಲು ನಾನು ಮುಳ್ಳುಸೌತೆಯನ್ನು ದೂರ ಓಡಿಸಿ, ಮಂಗಳೂರು ಸೌತೆಯನ್ನು ಒಂದೇ ಚಪ್ಪರಕ್ಕೆ ಹಬ್ಬಿಸಿದ್ದೆ!

ಜಾಗ ಕಡಿಮೆ ಇದ್ದರೆ ಕೈಯಿಂದಲೇ ಪರಾಗ ಹಚ್ಚಿ. ನಾಳೆ ಅರಳುತ್ತದೆ ಎನಿಸುವ ಮೊಗ್ಗಿನ ಕೆಳಗೆ ಕಡಲೆಕಾಳಿನಂಥ ಪುಟ್ಟ ಕಾಯಿ ಇದ್ದರೆ ಅದು ಹೆಣ್ಣು ಹೂ. ಸಂಜೆಯೇ ಅದಕ್ಕೂ, ಇಬ್ಬುಡ್ಲದ್ದೇ ಬೇರೆ ಬಳ್ಳಿಯ ಒಂದೆರಡು ಗಂಡು ಮೊಗ್ಗಿಗೂ ಬಾಳೆನಾರಿನಿಂದ ತುದಿ ಕಟ್ಟಿಬಿಡಿ. ಬೆಳಿಗ್ಗೆ ಜೇನು ಬರುವ ಮೊದಲು ನಾರು ಬಿಚ್ಚಿ, ಗಂಡು ಹೂವಿನ ಎಸಳು ಕಿತ್ತು, ಕೇಸರವನ್ನು ಹೆಣ್ಣು ಹೂವಿಗೆ ಮೆಲ್ಲಗೆ ಸವರಿ ಮತ್ತೆ ಕಟ್ಟಿ. ತೊಟ್ಟಿಗೆ ಬಣ್ಣದ ದಾರ. ನಾಲ್ಕರಲ್ಲಿ ಎರಡಾದರೂ ನಿಲ್ಲುತ್ತವೆ. ಆ ಎರಡು ಹಣ್ಣು ಪೂರ್ತಿ ಬಿರಿಯಲಿ, ರಸಾಯನ ನಿಮಗೆ, ತೊಳೆದು ನೆರಳಲ್ಲಿ ಒಣಗಿಸಿದ ಬೀಜ ಡಬ್ಬಕ್ಕೆ. ಚೆನ್ನಾಗಿ ಒಣಗಿಸಿಟ್ಟರೆ ನಾಲ್ಕೈದು ವರ್ಷ ಕೆಡದು.

ಪಪ್ಪಾಯಿ, ಮುರುಗಲು: ಗಂಡೋ ಹೆಣ್ಣೋ

ಅಮ್ಮನ ಡಬ್ಬದ ಪಪ್ಪಾಯಿ ಬೀಜ ಒಂದೂ ಹುಟ್ಟಲಿಲ್ಲ. ಲೋಳೆ ತೆಗೆಯದೆ ಒಣಗಿಸಿದ್ದರೇನೋ. ಪಪ್ಪಾಯಿ ಬೀಜದ ಸುತ್ತಲಿನ ಪಾರದರ್ಶಕ ಲೋಳೆಯನ್ನು ಬೂದಿ ಹಾಕಿ ಉಜ್ಜಿ ಕಳೆಯಬೇಕು, ಅದು ಮೊಳಕೆಯನ್ನು ತಡೆಯುತ್ತದೆ.

ಊರ ಪಪ್ಪಾಯಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬೀಜ ಹಾಕಿದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಗಂಡು. ಹೂ ಬರುವ ತನಕ ಯಾರಿಗೂ ಗೊತ್ತಾಗದು. ಗುಂಡಿಗೆ ಮೂರು ಸಸಿ ನೆಟ್ಟು, ಹೂವು ನೋಡಿ ಒಂದು ಹೆಣ್ಣನ್ನು ಉಳಿಸಿಕೊಂಡು, ಹತ್ತು ಹದಿನೈದು ಗಿಡಕ್ಕೊಂದು ಗಂಡು ಬಿಡುವುದು ಹಳೇ ಕ್ರಮ. ಅಂಗಡಿಯ ರೆಡ್ ಲೇಡಿಯಂಥ ಹೈಬ್ರಿಡ್ಡಿನಲ್ಲಿ ಈ ರಗಳೆಯಿಲ್ಲ, ಹಾಕಿದ್ದೆಲ್ಲ ಕಾಯಿ ಬಿಡುತ್ತದೆ. ಎರಡೇ ಗಿಡಕ್ಕೆ ಜಾಗ ಇರುವವರು ಅದನ್ನೇ ತನ್ನಿ. ನಡುದಾರಿಯೂ ಒಂದಿದೆ. ಕೊಡಗಿನ ಚೆಟ್ಟಳ್ಳಿಯಲ್ಲಿ ರೂಪುಗೊಂಡ ಕೂರ್ಗ್ ಹನಿ ಡ್ಯೂ ತಳಿಯಲ್ಲಿ ಗಂಡು ಗಿಡವೇ ಇರುವುದಿಲ್ಲ, ಒಂದೋ ಹೆಣ್ಣು, ಇಲ್ಲವೇ ಎರಡೂ ಸೇರಿದ ಹೂವಿನದು. ಬೇರೆ ಪರಾಗ ತಾಗದಂತೆ ಹೂವಿಗೆ ಕಾಗದದ ಚೀಲ ಕಟ್ಟಿ, ಉದ್ದ ಕಾಯಿಯ ಗಿಡದಿಂದ ಬೀಜ ಹಿಡಿದರೆ ಮನೆಯಲ್ಲೇ ಮುಂದುವರಿಸಬಹುದು. ಎಲೆಯಲ್ಲಿ ಉಂಗುರದ ಚುಕ್ಕೆ ಮೂಡಿಸುವ ನಂಜು ರೋಗವನ್ನು ಗಿಡದ ರಸ ಹೀರುವ ಸಸ್ಯಹೇನುಗಳು ಗಿಡದಿಂದ ಗಿಡಕ್ಕೆ ಹರಡುತ್ತವೆ, ಬೀಜದಲ್ಲಿ ಬರುವುದಿಲ್ಲ. ರೋಗ ಬಂದ ಮರದ ಬೀಜವೆಂದು ಎಸೆಯಬೇಕಿಲ್ಲ.

ಮುರುಗಲಿನಲ್ಲೂ, ಕರಾವಳಿಯವರು ಪುನರ್ಪುಳಿ ಎನ್ನುವುದು ಇದನ್ನೇ, ಇದೇ ಗಂಡು ಹೆಣ್ಣಿನ ಕತೆ. ಪಪ್ಪಾಯಿ ಕೆಲವೇ ತಿಂಗಳಲ್ಲಿ ಗುಟ್ಟು ಬಿಟ್ಟುಕೊಡುತ್ತದೆ, ಇದು ಆರೇಳು ವರ್ಷ ಕಾಯಿಸಿ ಆಮೇಲೆ ‘ನಾನು ಗಂಡು’ ಎನ್ನುತ್ತದೆ. ಇಲ್ಲಿ ಬೀಜದ ಹಟ ಬೇಡ, ಹೆಣ್ಣು ಮರದ ಕಸಿಯನ್ನೇ ನೆಡಿ. ತರುವಾಗ ಕುಡಿ ನೇರ ಚಿಗುರಿನದೋ ಅಡ್ಡ ಕೊಂಬೆಯದೋ ಕೇಳಿ. ಅಡ್ಡ ಕೊಂಬೆಯಿಂದ ಕಟ್ಟಿದ ಕಸಿ ಮೇಲೇಳದೆ ನೆಲದ ಮೇಲೆ ಚಾಪೆ ಹಾಸುತ್ತದೆ.

ಹಲಸು: ಎರಡೂ ನೆಡಿ

ಡಬ್ಬದಲ್ಲಿದ್ದ ಹಲಸಿನ ಬೇಳೆಗಳು ಕಲ್ಲಿನಂತಾಗಿದ್ದವು. ಅಮ್ಮನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದೇ ಇರುತ್ತದೆ, ಬಹುಶಃ ನೆಡಲು ಮರೆತು ಡಬ್ಬದಲ್ಲಿ ಉಳಿದವು. ಹಲಸು, ಮಾವು, ಕಿತ್ತಳೆಗಳ ಬೀಜಕ್ಕೆ ಒಣಗುವುದೆಂದರೆ ಸಾಯುವುದು. ಹಣ್ಣಿಂದ ಬಿಡಿಸಿದ ವಾರದೊಳಗೆ ಮಣ್ಣಿಗೆ ಹೋಗಲಿ. ತಡವಾಗುವುದಾದರೆ ಒದ್ದೆ ಮರಳಿನಲ್ಲೋ ತೆಂಗಿನ ನಾರಿನ ಪುಡಿಯಲ್ಲೋ ಹೂತಿಡಿ. ಫ್ರಿಜ್ಜಿನ ಮಾತಂತೂ ಬೇಡ.

ಅದೃಷ್ಟಕ್ಕೆ ಬಾವಿಕಟ್ಟೆಯ ಮರವೇ ಇನ್ನೂ ಇದೆ. ಬಕ್ಕೆ ಹಲಸು, ತೊಳೆ ಕಚ್ಚಿದರೆ ಕರಕರ ಎನ್ನುವಂಥದ್ದು. ಅದರ ಬೀಜದಿಂದ ಎದ್ದ ಮರ ಬಕ್ಕೆಯೇ ಆಗುತ್ತದೆ ಎನ್ನುವಂತಿಲ್ಲ, ಮೆತ್ತನೆ ತೊಳೆಯ ಅಂಬಲಿಯೂ ಆದೀತು. ಆದರೆ ಒಳ್ಳೆಯ ಹಲಸುಗಳೆಲ್ಲ ಹುಟ್ಟಿದ್ದು ಈ ಜೂಜಿನಲ್ಲೇ ಎನ್ನುವುದನ್ನೂ ಮರೆಯಬಾರದು. ತುಮಕೂರು ಜಿಲ್ಲೆಯ ಚೇಳೂರಿನ ಸಿದ್ದು ಹಲಸನ್ನೇ ನೋಡಿ. ತಾಮ್ರಗೆಂಪು ತೊಳೆಯ ಆ ಮರ ಒಂದು ರೈತ ಕುಟುಂಬದ ಜಮೀನಿನಲ್ಲಿ ಬೀಜದಿಂದ ಬೆಳೆದದ್ದು. ಮರ ನೆಟ್ಟ ತಂದೆ ಸಿದ್ದಪ್ಪನವರ ನೆನಪಿಗೆ ಆ ಹೆಸರು. 2017ರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆ ಕುಟುಂಬದ ಜೊತೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಹಂಚಲು ನೆರವಾಯಿತು. ಬೀಜ ಒಮ್ಮೆ ಕೊಟ್ಟದ್ದನ್ನು ಕಸಿ ಹಿಡಿದಿಟ್ಟುಕೊಂಡಿತು. ಎರಡಕ್ಕೂ ಅದರದರ ಕೆಲಸವಿದೆ.

ಕಸಿ ಹಲಸು ಮೂರು ನಾಲ್ಕು ವರ್ಷಕ್ಕೆ ಕಾಯಿ ಹಿಡಿದೀತು, ಬೀಜದ್ದಕ್ಕೆ ಏಳೆಂಟು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಗಾಳಿಗೆ, ಬರಗಾಲಕ್ಕೆ, ನಾಟಕ್ಕೆ ಬೀಜದ ಮರವೇ ಗಟ್ಟಿ. ಆದರೆ ಬೀಜವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೆಳೆಸಿ ಸಾಗಿಸದೆ ಗುಂಡಿಯಲ್ಲೇ ಹಾಕಬೇಕು. ತಾಯಿಬೇರು ತೊಟ್ಟೆಯ ತಳದಲ್ಲಿ ಸುತ್ತಿಕೊಂಡರೆ ಆ ಗಟ್ಟಿತನ ಹೋಯಿತು. ನಾನು ಮಾಡಿದ್ದು ಹೀಗೆ: ಬೇಲಿಯಂಚಿಗೆ ಬಾವಿಕಟ್ಟೆ ಮರದ ನಾಲ್ಕು ಬೇಳೆ ನೇರ ಊರಿದೆ. ಒಂದು ಅದರ ಪಾಡಿಗೆ ಮರವಾಗಲಿ. ಇನ್ನೊಂದಕ್ಕೆ ಈ ಮಳೆಗಾಲದಲ್ಲಿ ಬಾವಿಕಟ್ಟೆ ಮರದ್ದೇ ಕುಡಿ ತಂದು ಅಲ್ಲೇ ಕಸಿ ಕಟ್ಟಿಸಿದೆ. ಬೇರೂ ಮನೆಯದು, ತಲೆಯೂ ಮನೆಯದು. ಉಳಿದೆರಡನ್ನು ಹಂದಿ ಒಕ್ಕಿತು.

ಕೊಂಡು ತರುವ ಕಸಿಯ ಬಗ್ಗೆ ಒಂದು ಎಚ್ಚರಿಕೆ. ಹಿಂದೆ ಒಂದು ನರ್ಸರಿಯಿಂದ ತಂದ ಅಪ್ಪೆಮಿಡಿ (ಉಪ್ಪಿನಕಾಯಿಗೆ ಹೆಸರಾದ ಪರಿಮಳದ ಮಾವು) ಕಸಿಯನ್ನು ಐದು ವರ್ಷ ಮಗುವಿನಂತೆ ಸಾಕಿದೆ. ಕಾಯಿ ಬಿಟ್ಟಾಗ ಒಡೆದು ಮೂಸಿದರೆ ಸೊನೆಯಲ್ಲಿ ಜೀರಿಗೆಯೂ ಇಲ್ಲ, ಕರ್ಪೂರವೂ ಇಲ್ಲ, ಕಾಡುಮಾವಿನ ಬರೀ ಹುಳಿ. ಬಗ್ಗಿ ನೋಡಿದರೆ ಕಸಿಯ ಗಂಟಿನ ಮೇಲಿನ ಕುಡಿ ಯಾವಾಗಲೋ ಸತ್ತು, ಕೆಳಗಿನ ಬೇರುಸಸಿ ಚಿಗುರಿ ಮರವಾಗಿತ್ತು. ನರ್ಸರಿಯವರನ್ನು ಬೈದು ಪ್ರಯೋಜನವಿಲ್ಲ, ಮೊದಲ ವರ್ಷ ಗಂಟಿನ ಕೆಳಗಿನ ಚಿಗುರನ್ನು ಚಿವುಟದೆ ಬಿಟ್ಟವಳು ನಾನೇ. ಆದರೂ ತರುವಾಗ ಗಂಟು ಕೂಡಿದೆಯೋ ಇಲ್ಲವೋ ಪ್ಲಾಸ್ಟಿಕ್ ಪಟ್ಟಿ ಸರಿಸಿ ನೋಡಿ. ‘ಬಿಚ್ಚಬೇಡಿ ಮೇಡಂ’ ಎಂದರೆ ಬೇರೆ ಗಿಡ ಆರಿಸಿ.

ಮಾವು, ಕಿತ್ತಳೆಗಳಲ್ಲೊಂದು ಗುಟ್ಟು

ಅಪ್ಪೆಮಿಡಿಯನ್ನು ಓಟೆಯಿಂದ, ಅಂದರೆ ಗೊರಟೆಯಿಂದ, ಬೆಳೆಸಿದರೆ ಪರಿಮಳ ಬರುತ್ತದೆ ಎಂಬ ಖಾತ್ರಿ ಇಲ್ಲ, ಕಸಿಯೇ ಸರಿ. ಆದರೆ ಕರಾವಳಿಯ ಕೆಲವು ಮಾವುಗಳಲ್ಲಿ, ಒಳೂರು, ಬಪ್ಪಕಾಯಿಗಳಂಥವುಗಳಲ್ಲಿ, ಒಂದು ಓಟೆಯಿಂದ ಮೂರು ನಾಲ್ಕು ಸಸಿ ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ಹಂಗಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದ ತದ್ರೂಪಗಳು. ನಿಮ್ಮ ಮನೆಯ ಮಾವಿನ ಓಟೆ ಹೀಗೆ ಗುಂಪಾಗಿ ಮೊಳೆತರೆ ಕಸಿಗೆ ಓಡಾಡಬೇಡಿ, ಒಟ್ಟಿಗೆ ಎದ್ದ ಒಂದೇ ಥರದ ಸಸಿಗಳಲ್ಲಿ ಒಂದನ್ನು ಇಟ್ಟುಕೊಳ್ಳಿ.

ಕೊಡಗಿನ ಕಿತ್ತಳೆಯೂ ಇದೇ ಗುಣದ್ದು. ಬೀಜದ ಗಿಡ ಮುಳ್ಳು ಜಾಸ್ತಿ, ಎತ್ತರ ಜಾಸ್ತಿ, ಫಸಲಿಗೆ ಐದಾರು ವರ್ಷ ಬೇಕು. ಕಣ್ಣುಕಸಿಯದು ಮೂರು ನಾಲ್ಕಕ್ಕೆ ಬರುತ್ತದೆ. ಆದರೆ ಕಿತ್ತಳೆ ತೋಟಗಳನ್ನು ಸೊರಗಿಸಿದ ಟ್ರಿಸ್ಟೆಜಾ ನಂಜು, ಗ್ರೀನಿಂಗ್ ರೋಗಗಳು ರೋಗದ ಮರದ ಕಸಿಕಣ್ಣಿನ ಜೊತೆ ದಾಟುತ್ತವೆ, ಬೀಜದ ಜೊತೆ ಸಾಮಾನ್ಯವಾಗಿ ದಾಟುವುದಿಲ್ಲ. ಮನೆಯ ಹಳೇ ಮರ ಸೊರಗುತ್ತಿದ್ದು ಅದರ ವಂಶ ಬೇಕೆಂದರೆ ಕಸಿಗಿಂತ ಬೀಜ ಮೇಲು. ದೇವನಹಳ್ಳಿ ಚಕ್ಕೋತದಲ್ಲಿ ಈ ಸೌಲಭ್ಯವಿಲ್ಲ. ಒಂದು ಬೀಜ, ಒಂದು ಬೆರಕೆ ಸಸಿ. ಒಳ್ಳೆಯ ಮರ ಕಂಡರೆ ಗೂಟಿ ಕಟ್ಟಿ, ಅಂದರೆ ಮರದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಿ ಕತ್ತರಿಸಿ ನೆಡಿ. ಸೀತಾಫಲಕ್ಕೆ ಮಾತ್ರ ಬೀಜ ಧಾರಾಳ ಸಾಕು, ಒಂದೆರಡು ದಿನ ನೆನೆಹಾಕಿ ಊರಿ.

ಇಡುವುದು, ಹಂಚುವುದು

ಒಣಗಿದರೂ ಬದುಕುವ ಬೀಜಗಳಿಗೆ ಶತ್ರು ತೇವ. ನಮ್ಮ ಮಳೆಗಾಲದಲ್ಲಿ ಕಾಗದದ ಪೊಟ್ಟಣ ಹಪ್ಪಳದ ಹಾಗೆ ತಂಡಿ ಹೀರುತ್ತದೆ. ನೆರಳಲ್ಲಿ ಒಣಗಿಸಿ, ಗಾಜಿನ ಬಾಟಲಿಯ ತಳಕ್ಕೆ ಹುರಿದು ಆರಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಹಾಕಿ, ಮೇಲೆ ಪೊಟ್ಟಣಗಳನ್ನಿಟ್ಟು ಬಿಗಿಯಾಗಿ ಮುಚ್ಚುತ್ತೇನೆ. ಅಕ್ಕಿ ತೇವ ಎಳೆದುಕೊಳ್ಳುತ್ತದೆ, ತಿಂಗಳಿಗೊಮ್ಮೆ ಬದಲಿಸಿದರಾಯಿತು. ಹೆಸರು, ಬಣ್ಣ, ವರ್ಷ, ಯಾರ ಮನೆಯದು ಎಂದು ಬರೆಯಿರಿ. ಅಮ್ಮ ಎಲ್ಲ ಬರೆದು ವರ್ಷ ಒಂದನ್ನು ಬಿಟ್ಟಿದ್ದಳು.

ಎಲ್ಲ ಬೀಜವನ್ನೂ ಒಂದೇ ವರ್ಷ ಬಿತ್ತಬೇಡಿ, ಎಲ್ಲವನ್ನೂ ಒಂದೇ ಮನೆಯಲ್ಲಿ ಇಡಲೂಬೇಡಿ. ಮನೆಯ ತಳಿ ತಪ್ಪಿಹೋಗಿದ್ದರೆ ಅದೇ ಊರಿನ ಯಾವುದೋ ಹಿತ್ತಲಲ್ಲಿ ಇದ್ದೇ ಇರುತ್ತದೆ, ಮೊದಲು ಅಲ್ಲಿ ಕೇಳಿ. ನಮ್ಮ ಕಡೆ ಹೆಂಗಸರ ಕೈತೋಟದ ಬೀಜ ವಿನಿಮಯಕ್ಕೆ ಶಿರಸಿಯ ವನಸ್ತ್ರೀ ಇದೆ. ಸಹಜ ಸಮೃದ್ಧ ಸಂಸ್ಥೆಯವರು ಬೇರೆ ಬೇರೆ ಊರುಗಳಲ್ಲಿ ದೇಸಿ ಬೀಜ ಮೇಳ ನಡೆಸುತ್ತಾರೆ. ಬೀಜ ಕೊಟ್ಟರೆ ಕಾನೂನು ತೊಡಕು ಬಂದೀತೇ ಎಂದು ಕೆಲವರು ಹೆದರುತ್ತಾರೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಸೆಕ್ಷನ್ ರೈತರಿಗೆ ಬೀಜ ಉಳಿಸುವ, ಮತ್ತೆ ಬಿತ್ತುವ, ಹಂಚುವ, ಮಾರುವ ಹಕ್ಕನ್ನು ಕೊಟ್ಟಿದೆ. ಬ್ರ್ಯಾಂಡಿನ ಹೆಸರು ಹಾಕಿ ಸಂರಕ್ಷಿತ ತಳಿ ಮಾರುವಂತಿಲ್ಲ, ಅಷ್ಟೆ. ಅಮೆರಿಕ, ಆಸ್ಟ್ರೇಲಿಯಾದ ಮಕ್ಕಳಿಗೆ ಸೂಟ್‌ಕೇಸಿನಲ್ಲಿ ಬೀಜ ತುಂಬಿಸುವ ಅಮ್ಮಂದಿರು ಮಾತ್ರ ಮೊದಲು ಆ ದೇಶದ ನಿಯಮ ವಿಚಾರಿಸಿ, ವಿಮಾನ ನಿಲ್ದಾಣದಲ್ಲಿ ದಂಡ ಕಟ್ಟುವವರು ಆ ಮಕ್ಕಳೇ.

ಹೆಸರಿಲ್ಲದ ಒಂಬತ್ತನೇ ಪೊಟ್ಟಣದಲ್ಲಿ ಹನ್ನೊಂದು ಬೀಜವಿತ್ತು, ಚಪ್ಪಟೆ, ಬೂದು ಬಣ್ಣ. ಐದು ಹಾಕಿದೆ, ಎರಡು ಹುಟ್ಟಿದವು. ಬಳ್ಳಿ ಚಪ್ಪರ ಏರಿದೆ, ಎಲೆ ತಿಕ್ಕಿ ಮೂಸಿದರೆ ಸೋರೆಯ ವಾಸನೆ. ಸಂಜೆ ಬಿಳಿ ಹೂ ಅರಳುತ್ತದೆ, ಇಲ್ಲಿಯವರೆಗೆ ಬರೀ ಗಂಡು ಹೂವು. ಅತ್ತಿಗೆ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಾರೆ: “ಕಾಯಿ ಬಂತನೇ? ಉದ್ದಕ್ಕಿದ್ರೆ ನಮ್ಮನೇದು, ಗುಂಡಗಿದ್ರೆ ದೊಡ್ಡಮ್ಮಂದು.”